ಕಾಣದ ಕಡೆ ಹಾರಿದ ಗುಬ್ಬಿ

ಅಕ್ಕನ ಬಲಗೈ ಹೆಬ್ಬೆರಳಿನಲ್ಲಿ ಇನ್ನೂ ಜೀವ ಇದೆ ಎಂದು ನಂಬಿದ್ದವಳು ತಂಗಿ ಒಬ್ಬಳೇ. ಮನೆಯಲ್ಲಿದ್ದವರೇ ಇಬ್ಬರು; ಇನ್ನೊಬ್ಬಳು ಅಕ್ಕ, ಅವಳು ನಂಬಿರಲಿಲ್ಲ.

ಲಕ್ವ ಹೊಡೆದ ಮೇಲೆ ಕಾಲು ಸುಧಾರಿಸಿತು. ಮಾತು ಮೊದಲಿಗಿಂತ ಖಾರವಾಗಿ ವಾಪಸು ಬಂತು. ಬಲಗೈ ಮಾತ್ರ ಯಾರೋ ಮಡಿಲಲ್ಲಿ ಇಟ್ಟು ಮರೆತುಹೋದ ಗಂಟಿನ ಹಾಗೆ ಬಿದ್ದಿರುತ್ತಿತ್ತು. ವ್ಯಾಯಾಮ ಹೇಳಿಕೊಡುವಾಕೆ ಒಂದು ರಬ್ಬರ್ ಚೆಂಡು ಕೊಟ್ಟು, "ದಿನಾ ಹೆಬ್ಬೆರಳಿಂದ ಒತ್ತಿ. ಸುಮ್ನೆ ಬಿಟ್ರೆ ಇರೋ ಶಕ್ತಿನೂ ಹೋಗುತ್ತೆ," ಎಂದು ಎಚ್ಚರಿಸಿದ್ದಳು. ಅವಳು ಗೇಟು ದಾಟುವ ಮೊದಲೇ ಅಕ್ಕ ಚೆಂಡನ್ನು ಎಡಗೈಯಲ್ಲಿ ಎತ್ತಿ ಕಿಟಕಿಯಾಚೆ ಎಸೆದಳು.

"ನಾನೇನು ಹಾಲುಗಲ್ಲದ ಮಗುನಾ, ಚೆಂಡಾಡೋಕೆ?"

ತಂಗಿಗೆ ಆಗ ನೆನಪಾದದ್ದು ಅಟ್ಟದ ಮೇಲಿನ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ. ಶಾಲೆಗೆ ಹೋಗುವ ಕಾಲದಲ್ಲಿ ಅಕ್ಕನ ಆ ಹೆಬ್ಬೆರಳಿನ ಮುಂದೆ ಬೀದಿಯ ಹುಡುಗರೆಲ್ಲ ಮಣ್ಣು ಮುಕ್ಕಿದ್ದರು. ತಂಗಿಯ ಪಾಲಿಗೆ ಪಕ್ಕದಲ್ಲಿ ಕೂತು ನೋಡುವ ಕೆಲಸ ಬರುತ್ತಿತ್ತು. "ಇದೊಂದಾದ್ಮೇಲೆ ನಿಂಗೆ ಕೊಡ್ತೀನಿ" ಎನ್ನುತ್ತಿದ್ದಳು ಅಕ್ಕ. ಆ ಒಂದು ಯಾವತ್ತೂ ಮುಗಿಯುತ್ತಿರಲಿಲ್ಲ.

ಪೆಟ್ಟಿಗೆಯನ್ನು ರಿಪೇರಿ ಅಂಗಡಿಯ ಫ್ಯೂಸಣ್ಣನ ಬಳಿ ಒಯ್ದಳು. ಏನು ಕೆಟ್ಟರೂ ಮೊದಲು "ಫ್ಯೂಸ್ ಹೋಗಿರ್ಬೇಕು" ಎನ್ನುವುದರಿಂದ ಅವನಿಗೆ ಆ ಹೆಸರು. ಈ ಸಲ ನಿಜಕ್ಕೂ ಫ್ಯೂಸೇ ಹೋಗಿತ್ತು. ಆದರೆ ಮನೆಗೆ ತಂದು ಹಚ್ಚಿದರೆ ಆಟಗಳೆಲ್ಲ ಮಿಂಚಿನ ವೇಗದವು. ಅಕ್ಕನ ಹೆಬ್ಬೆರಳು ಬಾಗುವಷ್ಟರಲ್ಲಿ ಪರದೆಯ ಮೇಲಿನ ಮನುಷ್ಯ ಸತ್ತು ಬಿದ್ದಿರುತ್ತಿದ್ದ.

"ಅಣಕಿಸ್ತಿದೆ ಕಣೇ ಇದು. ತೆಗೆದು ಮೇಲಿಡು."

ತಂಗಿ ಮೇಲಿಡಲಿಲ್ಲ. ಮರಳಿ ಫ್ಯೂಸಣ್ಣನ ಮುಂದೆ ನಿಂತು, "ಇದನ್ನ ಸ್ವಲ್ಪ ನಿಧಾನ ಮಾಡೋಕಾಗಲ್ವಾ?" ಎಂದು ಕೇಳಿದಳು.

"ಆಗಲ್ಲ ಮೇಡಂ. ಬೇಕಿದ್ರೆ ಹೊಸ ಆಟದ ಪ್ರೋಗ್ರಾಮೇ ಬರ್ಕೊಳ್ಳಿ."

"ಮಾಡಿದ ಕಂಪನಿಯವರೇ ಇದನ್ನ ಮರೆತಿರ್ತಾರೆ. ಈಗ ಇದಕ್ಕೆ ಯಾರು ಬರೀತಾರೆ?"

"ಕಂಪನಿ ಮರೆತ್ರೂ ಹುಚ್ಚರು ಮರೀತಾರಾ? ಇಂಟರ್ನೆಟ್ಟಲ್ಲಿ ನೋಡಿ. ಕೂತು ಕಲಿಸಿಕೊಡ್ತಾರೆ, ಅದೂ ಪುಕ್ಕಟೆ."

ತಂಗಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದರಲ್ಲೇ ಅರ್ಧ ಆಯಸ್ಸು ಕಳೆದಿತ್ತು. ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಮೊದಲ ಪಾಠಕ್ಕೆ ಕೂತಳು. ಆ ಪಾಠದಲ್ಲಿ ಆಟವೂ ಇರಲಿಲ್ಲ, ಗೊಂಬೆಯೂ ಇರಲಿಲ್ಲ. ಒಂದು ಅಂಕಿಯನ್ನು ಎತ್ತಿಕೊ, ಪೆಟ್ಟಿಗೆಯ ನೆನಪಿನೊಳಗೆ ಇಂಥ ಜಾಗದಲ್ಲಿ ಇಡು, ಇಷ್ಟೇ. ಇಟ್ಟಳು. ಪರದೆ ನೀಲಿಯಾಯಿತು. ಬೇರೆ ಅಂಕಿ ಇಟ್ಟಳು, ಹಸಿರಾಯಿತು. ಸ್ಟವ್ ಮೇಲೆ ಹಾಲು ಉಕ್ಕಿ ಹರಿದದ್ದು ಅವಳಿಗೆ ಗೊತ್ತಾಗಲಿಲ್ಲ.

"ಏನೇ ಅದು, ಬರೀ ನೀಲಿ ಬಣ್ಣ ನೋಡ್ಕೊಂಡು ನಗ್ತಿದೀಯ?" ಅಕ್ಕ ಒಳಗಿನಿಂದ ಕೂಗಿದಳು.

"ನಾನೇ ಮಾಡಿದ ನೀಲಿ ಅಕ್ಕ!"

"ಬಣ್ಣದ ಡಬ್ಬಿ ತಂದಿದ್ರೆ ಗೋಡೆಗಾದ್ರೂ ಆಗ್ತಿತ್ತು."

ಅವಳ ಆಟಕ್ಕೆ ಒಂದು ಗುಬ್ಬಿ ಬೇಕಿತ್ತು. ಎಂಟು ಸಾಲು, ಸಾಲಿಗೆ ಎಂಟು ಚೌಕ. ಅಷ್ಟರೊಳಗೆ ರೆಕ್ಕೆ, ಕೊಕ್ಕು, ಬಾಲ ಎಲ್ಲ ಹಿಡಿಸಬೇಕು. ಎಷ್ಟು ತಿದ್ದಿದರೂ ಆಲೂಗಡ್ಡೆಯೇ ಆಗುತ್ತಿತ್ತು. ಬೇಸತ್ತು ಒಂದೇ ಒಂದು ಚೌಕವನ್ನು ಖಾಲಿ ಬಿಟ್ಟು ನೋಡಿದಳು. ಅದು ಕಣ್ಣಾಯಿತು. ಆಲೂಗಡ್ಡೆ ತಲೆಯೆತ್ತಿ ಅವಳನ್ನೇ ನೋಡಿತು.

ಇದೆಲ್ಲ ಅಕ್ಕನಿಗೋಸ್ಕರ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು, ಪಕ್ಕದಲ್ಲಿ ಕೂತು ನೋಡುತ್ತಲೇ ದೊಡ್ಡವಳಾದ ಆ ಹುಡುಗಿಯದು. ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಅವಳು ಅಂದೂ ಯೋಚಿಸುತ್ತಿದ್ದಳು. ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ.

ಆಟ ಸಿದ್ಧವಾಯಿತು. ತಂತಿಯ ಮೇಲೆ ಗುಬ್ಬಿ. ಗುಂಡಿ ಒತ್ತಿದರೆ ಒಮ್ಮೆ ಮೇಲೆ ಹಾರಿ ಮುಂದೆ ಕೂರುತ್ತದೆ. ಎಷ್ಟು ಹೊತ್ತಾದರೂ ಕಾಯುತ್ತದೆ, ಸಾಯುವುದಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ಪೆಟ್ಟಿಗೆಯಂತೆ ನಟಿಸುವ ಒಂದು ಪ್ರೋಗ್ರಾಮ್ ಇತ್ತು. ಅದರಲ್ಲಿ ಗುಬ್ಬಿ ಚೂರೂ ತಪ್ಪದೆ ಹಾರಿತು. ಫ್ಯೂಸಣ್ಣ ಮೆಮೊರಿ ಕಾರ್ಡ್ ತೂರಿಸುವಂಥ ಒಂದು ಕ್ಯಾಸೆಟ್ ಹುಡುಕಿಕೊಟ್ಟ. ಭಾನುವಾರ ಮಧ್ಯಾಹ್ನ ಆಟವನ್ನು ಕಾರ್ಡಿಗೆ ತುಂಬಿ, ಕ್ಯಾಸೆಟ್ಟನ್ನು ನಿಜವಾದ ಪೆಟ್ಟಿಗೆಗೆ ಚುಚ್ಚಿದಳು.

ಅಕ್ಕ ಗೊಣಗುತ್ತಲೇ ಕೂತಳು. ತಂಗಿ ಅವಳ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಸ್ವಿಚ್ ಹಾಕಿದಳು. ತಂತಿ ಕಾಣಿಸಿತು. ಗುಬ್ಬಿ ಇರಲಿಲ್ಲ.

"ಒತ್ತು, ಬರಬಹುದು," ಎಂದಳು ತಂಗಿ.

ಅಕ್ಕ ಒತ್ತಿದಳು. ತುಟಿ ಕಚ್ಚಿಕೊಂಡು, ಹಣೆಯ ನರ ಉಬ್ಬುವಷ್ಟು ಒತ್ತಿದಳು. ತಂತಿ ತಂತಿಯಾಗಿಯೇ ಇತ್ತು. ಮತ್ತೆ ಒತ್ತಿದಳು. ಆಮೇಲೆ ಕೈಯನ್ನು ಎಡಗೈಯಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ನೋಡಿದ್ಯಾ? ಸತ್ತಿದೆ ಬೆರಳು."

"ನಿನ್ನ ಬೆರಳಲ್ಲ, ನನ್ನ ಆಟ ಕೆಟ್ಟಿದೆ. ನೋಡು, ನಾನು ಒತ್ತಿದ್ರೂ ಬರ್ತಿಲ್ಲ."

"ಒತ್ತಿದ ಹಾಗೆ ನಾಟಕ ಆಡ್ಬೇಡ. ನನ್ನನ್ನ ಸಮಾಧಾನ ಮಾಡೋಕೆ ನೀನು ಏನು ಬೇಕಾದ್ರೂ ಹೇಳ್ತೀಯ. ಆ ಕ್ಯಾಸೆಟ್ ಎತ್ತಿಡು, ನನ್ನ ಕಣ್ಣಿಗೆ ಬೀಳಬಾರ್ದು."

ಅಕ್ಕ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ರೇಗಿದ್ದರೆ ಎಷ್ಟೋ ವಾಸಿಯಿತ್ತು. ಬರೀ ತಪ್ಪು ಸರಿಮಾಡಿದರೆ ಸಾಲದು ಎಂದು ತಂಗಿಗೆ ಅನ್ನಿಸಿತು. ಗುಬ್ಬಿ ನಾಳೆ ಹಾರಿದರೂ, ತನ್ನನ್ನು ಮೆಚ್ಚಿಸಲು ಏನೋ ಮಾಡಿದ್ದಾಳೆ ಎನ್ನುತ್ತಾಳೆ ಅಕ್ಕ. ತಪ್ಪು ಯಾವುದು ಎಂದು ತೋರಿಸಬೇಕು.

ಮರುದಿನ ಅಂಗಡಿಯಲ್ಲಿ ಒಬ್ಬರ ಕನ್ನಡಕವನ್ನು ನಂಬರ್ ನೋಡುವ ಯಂತ್ರದ ಕೆಳಗೆ ಇಡಲು ಹೋದಳು. ಹಿಂದೆ ಬಂದಿದ್ದವರ ನಂಬರ್ ಯಂತ್ರದ ಚಕ್ರದ ಮೇಲೆ ಹಾಗೇ ನಿಂತಿತ್ತು. ಎಂದಿನಂತೆ ಅದನ್ನು ಸೊನ್ನೆಗೆ ತಿರುಗಿಸಿದಳು. ತಿರುಗಿಸಿದ ಕೈ ಅಲ್ಲೇ ನಿಂತುಬಿಟ್ಟಿತು.

ಆಟ ಶುರುವಾದಾಗ ಗುಬ್ಬಿ ತಂತಿಯಿಂದ ಎಷ್ಟು ಎತ್ತರದಲ್ಲಿ ಇರಬೇಕೆಂದು ಅವಳು ಎಲ್ಲೂ ಬರೆದಿರಲಿಲ್ಲ. ಸೊನ್ನೆ ತಾನಾಗಿಯೇ ಇರುತ್ತದೆ ಅಂದುಕೊಂಡಿದ್ದಳು. ಕಂಪ್ಯೂಟರಿನ ನಟನೆಯಲ್ಲಿ ಇತ್ತು ಕೂಡ. ನಿಜವಾದ ಪೆಟ್ಟಿಗೆ ಎದ್ದಾಗ ಅದರ ನೆನಪಿನಲ್ಲಿ ಏನೇನು ಕಸ ಇರುತ್ತದೋ ಯಾರಿಗೆ ಗೊತ್ತು!

ಸಂಜೆ ಮನೆಗೆ ಬಂದವಳು ಏನನ್ನೂ ಸರಿಮಾಡಲಿಲ್ಲ. ಅದೇ ಕೆಟ್ಟ ಕ್ಯಾಸೆಟ್ ಚುಚ್ಚಿದಳು.

"ನನಗೆ ತೋರಿಸ್ಬೇಡ ಅಂದೆ."

"ಒತ್ತೋದೇನೂ ಬೇಡ. ಎಡಗೈಯಲ್ಲಿ ಈ ಸ್ವಿಚ್ ಆರಿಸಿ ಹಾಕ್ತಾ ಇರು. ಅಷ್ಟೇ."

ಒಲ್ಲದ ಮನಸ್ಸಿನಿಂದ ಅಕ್ಕ ಆರಿಸಿ ಹಾಕಿದಳು. ಗುಬ್ಬಿ ಇಲ್ಲ. ಮತ್ತೊಮ್ಮೆ. ಪರದೆಯ ಅಡಿಯಲ್ಲಿ ಬಾಲ ಮಾತ್ರ ಕಂಡಿತು. ಮತ್ತೊಮ್ಮೆ. ಏನೂ ಇಲ್ಲ. ಅಕ್ಕ ಕುರ್ಚಿಯ ತುದಿಗೆ ಸರಿದಳು. ಈ ಸಲ ಗುಬ್ಬಿ ನಡು ಆಕಾಶದಲ್ಲಿ, ಯಾವ ಆಸರೆಯೂ ಇಲ್ಲದೆ ಠೀವಿಯಿಂದ ಕೂತಿತ್ತು.

"ಇದೇನೇ? ಸಲಕ್ಕೊಂದು ಕಡೆ ಯಾಕೆ?"

"ಪಾತ್ರೆ ತೊಳೀದೆ ಅಡುಗೆಗೆ ಇಟ್ಟಿದೀನಿ ಅಕ್ಕ. ಒಳಗೆ ಏನು ಅಂಟಿಕೊಂಡಿರುತ್ತೋ ಅದೇ ಗುಬ್ಬಿಯ ಜಾಗ."

"ಅಂದ್ರೆ ತಪ್ಪು ನಿಂದು."

"ನಂದೇ."

"ಇನ್ನೊಂದ್ಸಲ ಹೇಳು, ಕೇಳೋಕೆ ಚೆನ್ನಾಗಿದೆ."

ತಂಗಿ ನಕ್ಕಳು. ಅಕ್ಕ ನಗಲಿಲ್ಲ. ಆಕಾಶದ ಗುಬ್ಬಿಯನ್ನೇ ನೋಡುತ್ತ, ಯಾರೂ ಹೇಳದೆಯೇ ಬಲಗೈಯನ್ನು ಗುಂಡಿಯ ಬಳಿ ತಂದುಕೊಂಡಳು. ಹೆಬ್ಬೆರಳು ನಡುಗಿತು, ನಿಂತಿತು, ಮತ್ತೆ ಬಾಗಿತು. ಗುಬ್ಬಿ ಹಾರಿ ಪಕ್ಕದ ಖಾಲಿ ಜಾಗದಲ್ಲಿ ಕೂತಿತು.

ಅಕ್ಕ ಒಮ್ಮೆ ಬೆರಳನ್ನು, ಒಮ್ಮೆ ಗುಬ್ಬಿಯನ್ನು ನೋಡಿದಳು.

"ಹಾಗಾದ್ರೆ ನಿನ್ನೆ ನಾನು ಒತ್ತಿದಾಗ..."

"ಹಾರಿತ್ತು ಅಕ್ಕ. ಪರದೆಯಿಂದ ಆಚೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಇನ್ನೊಮ್ಮೆ ಒತ್ತಿದಳು. ಗುಬ್ಬಿ ಇನ್ನೊಂದು ಹೆಜ್ಜೆ ಹಾರಿತು.

"ಈ ಜಾಗದ ಅಂಕಿ ಎಲ್ಲಿ ಬರೀತೀಯ? ತೋರಿಸು ನೋಡೋಣ," ಎಂದಳು, ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸುತ್ತ. "ಹಾಗೇ ಈ ಗುಬ್ಬಿಗೆ ಒಂಚೂರು ಚುರುಕು ತುಂಬು. ಹಿಟ್ಟಿನ ಮೂಟೆ ಹೊತ್ತವರ ಹಾಗೆ ಹಾರ್ತಿದೆ."

ತಂಗಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಆಮೇಲೆ ಏನನ್ನಿಸಿತೋ, ಕೀಬೋರ್ಡನ್ನು ಮಾತ್ರ ತನ್ನ ಮುಂದೆಯೇ ಇಟ್ಟುಕೊಂಡಳು.

"ಇದೊಂದಾದ್ಮೇಲೆ ನಿಂಗೆ ಕೊಡ್ತೀನಿ," ಎಂದಳು.