ಹಳಿಯ ಆಚೆಗೆ ಹೋದ ಚಹಾ ಅಂಗಡಿ

ಅಂಗಡಿಯನ್ನು ರೈಲು ಗೇಟಿನ ಆಚೆಗೆ ಸಾಗಿಸಲು ಗಾಡಿ ಬಾಡಿಗೆ, ಹೊಸ ತಗಡು, ಇವನ್ನೆಲ್ಲ ಹೇಗೋ ಹೊಂದಿಸಬಹುದಿತ್ತು. ಆದರೆ ಆಚೆಗೆ ಹೋದರೆ ಈ ಕಡೆ ಬಸ್ಸಿಗೆ ಕಾಯುವ ಗಿರಾಕಿಗಳು ಕೈತಪ್ಪುತ್ತಿದ್ದರು. ಬಸ್ಸು ಹೊರಟುಬಿಟ್ಟೀತೆಂದು ಅವರು ಹಳಿ ದಾಟಿ ಬರುವವರಲ್ಲ. ಚಹಾದಕ್ಕನ ಅರ್ಧ ಸಂಪಾದನೆ ಅವರಿಂದಲೇ.

"ಅಕ್ಕಾ, ಗಿರಣಿಯವರು ಆ ಕಡೆ, ನಿನ್ನ ಚಹಾ ಈ ಕಡೆ. ಅವರ ಬಿಡುವಿನ ಹೊತ್ತಿಗೇ ರೈಲು ಬರೋದು. ಗೇಟು ಹಾಕಿದ್ರೂ ಅಡಿಯಲ್ಲಿ ನುಸುಳ್ತಾರೆ. ನೀನೇ ಆ ಕಡೆ ಹೋಗ್ಬಿಡು," ಎಂದ ಗೇಟು ಕಾಯುವ ತಮ್ಮ.

"ನನ್ನ ಚಹಾ ಅಂದ್ರೆ ಹಾಗೆ ಕಣೋ. ನೀನು ಸೀಟಿ ಊದಿದ್ರೆ ಯಾರು ಓಡಿ ಬರ್ತಾರೆ?"

ಅಷ್ಟರಲ್ಲಿ ಹಾಕಿದ್ದ ಗೇಟಿನಡಿ ಗಿರಣಿಯ ಮುದುಕ ಮೇಸ್ತ್ರಿ ನುಸುಳಿ ಬಂದ. ಹಳಿಯ ಮೇಲೆ ಚಪ್ಪಲಿ ಕಳಚಿತು. ಅದನ್ನೆತ್ತಲು ಬಗ್ಗಿದ. ತಮ್ಮ ಓಡಿಹೋಗಿ ಅವನನ್ನು ಈಚೆಗೆಳೆದ ಬೆನ್ನಿಗೇ ರೈಲು ಹಾದುಹೋಯಿತು.

ಮುದುಕ ಏದುಸಿರು ಬಿಡುತ್ತಲೇ, "ತಂಗೀ, ಸಕ್ಕರೆ ಕಮ್ಮಿ," ಎಂದ.

ಅಕ್ಕ ಅವನನ್ನು ಬೈಯಲಿಲ್ಲ. ತಮ್ಮನ ಕೈಗೆ ಮೊದಲ ಲೋಟ ಕೊಟ್ಟು, "ನಾಳೆ ಗಾಡಿಗೆ ಹೇಳೋ," ಎಂದಳು.

ಬಸ್ಸಿನ ಗಿರಾಕಿಗಳು ಹೋದವರು ಮತ್ತೆ ಬರಲಿಲ್ಲ. ಗಿರಣಿಯವರು ಈಗ ಚಹಾಕ್ಕಾಗಿ ಹಳಿ ದಾಟುವುದಿಲ್ಲ.