ಪದ್ಮನಾಭನಗರದಲ್ಲಿ ಅಣ್ಣಮ್ಮನ ಪ್ರಾಕ್ಟಿಕಲ್

ಮೈದಾ ಅಂಟು ಕುದಿಯುವಾಗ ಒಂದು ವಾಸನೆ ಬರುತ್ತದೆ. ತುಸು ಹುಳಿ, ತುಸು ಸಿಹಿ, ತಳ ಹಿಡಿದರೆ ಸೀದ ರೊಟ್ಟಿಯಂಥದ್ದು. ಜೂನ್ ತಿಂಗಳು ಬಂತೆಂದರೆ ಸಿದ್ದಾಪುರದ ಒಂದು ಕೋಣೆಯ ಮನೆಯಲ್ಲಿ ಅಣ್ಣಮ್ಮನ ಅಪ್ಪ ಅಂಟು ಕಾಯಿಸಿ, ಹಳೇ ಕ್ಯಾಲೆಂಡರಿನ ಹಾಳೆಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ. ಅಣ್ಣಮ್ಮ ಆ ಬೈಂಡಿಗೆ ಮೂಗು ಒತ್ತಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ತಡ, ಮದುವೆಯಾಯಿತು. ಆ ವಾಸನೆ ಅಲ್ಲಿಗೇ ನಿಂತಿತು.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಜಯನಗರದ ಸಮುದಾಯ ಕಾಲೇಜಿಗೆ ಸೇರಿದ ದಿನ ಅವಳು ಮಾಡಿದ ಮೊದಲ ಕೆಲಸವೆಂದರೆ ಒಲೆಯ ಮೇಲೆ ಮೈದಾ ಅಂಟು ಇಟ್ಟದ್ದು. ಹಿರಿಯರ ಆರೈಕೆಯ ಡಿಪ್ಲೊಮಾ ಅದು. ಬೆಳಿಗ್ಗೆ ಸಮಾಜಶಾಸ್ತ್ರ, ಮಧ್ಯಾಹ್ನ ಆರೈಕೆಯ ಪಾಠ.

ಪಕ್ಕದಲ್ಲಿ ಕೂರುತ್ತಿದ್ದ ಬಿಟಿಎಂ ಲೇಔಟಿನ ಪ್ರಿಯಾಂಕಾ ಪುಸ್ತಕ ನೋಡಿ ನಕ್ಕಿದ್ದಳು. "ಆಂಟಿ, ಈ ಕಾಲದಲ್ಲಿ ಯಾರು ಬೈಂಡು ಹಾಕ್ತಾರೆ?" ಎಂದವಳೇ ಮಾರನೇ ವಾರ ತನ್ನ ಪುಸ್ತಕವನ್ನೂ ತಂದು, "ನಂದಕ್ಕೂ ಒಂದು ಹಾಕ್ಕೊಡಿ, ಪ್ಲೀಸ್" ಎಂದಳು.

ಈಗ ವರ್ಷ ಮುಗಿಯುತ್ತ ಬಂದಿತ್ತು. ಇವತ್ತು ಪ್ರಾಕ್ಟಿಕಲ್ ಪರೀಕ್ಷೆ. ಪಾಸಾದರೆ ಡಿಪ್ಲೊಮಾ, ಜೊತೆಗೆ ಪದ್ಮನಾಭನಗರದ ಹಿರಿಯರ ಹಗಲು ಕೇಂದ್ರದಲ್ಲಿ ಕೆಲಸ. ಫೇಲಾದರೆ ಇಡೀ ವರ್ಷ ಮತ್ತೆ ಮೊದಲಿನಿಂದ. ಅದು ತನ್ನ ಕೈಲಾಗದ ಮಾತೆಂದು ಅಣ್ಣಮ್ಮನಿಗೆ ಗೊತ್ತಿತ್ತು. ಮನೆಯವರು ಒಂದು ವರ್ಷವೇನೋ ಒಪ್ಪಿದ್ದರು. ಎರಡನೆಯದಕ್ಕೆ ಒಪ್ಪುವವರಲ್ಲ.

ಬೆಳಿಗ್ಗೆ ಮಾಡಿದ ಚಿತ್ರಾನ್ನವನ್ನು ಅವಳು ಮುಟ್ಟಲಿಲ್ಲ. ಒಂದು ಲೋಟ ಕಾಫಿ ಕುಡಿದು ಹೊರಟಿದ್ದಳು.

"ಏನ್ ಆಂಟಿ, ಯಾಪ್ರನ್ ಜೊತೆ ತಲೇಲಿ ಮಲ್ಲಿಗೆ ಹೂ ಬೇರೆ!" ಬಸ್ಸಿನಲ್ಲಿ ಪ್ರಿಯಾಂಕಾ ರೇಗಿಸಿದಳು. "ಎಕ್ಸಾಮಾ, ಹೆಣ್ಣು ನೋಡೋ ಶಾಸ್ತ್ರನಾ?"

"ಸುಮ್ನಿರೇ. ಓದಿದ್ದೆಲ್ಲ ಮರೆತೋದಂಗಾಗ್ತಿದೆ."

"ಸಖತ್ತಾಗ್ ಮಾಡ್ತೀರ ಬಿಡಿ. ನನ್ನ ಅಜ್ಜನೇ ನಿಮ್ಮನ್ನ ದತ್ತು ತಗೋಬೇಕು ಅಂತಿದ್ರು."

ಪರೀಕ್ಷೆ ಅದೇ ಹಗಲು ಕೇಂದ್ರದಲ್ಲಿ. ಅಣ್ಣಮ್ಮನ ಪಾಲಿಗೆ ಬಂದವರು ಸರಸ್ವತಿ. ಎಂಬತ್ತೆರಡು ವರ್ಷ, ನಿವೃತ್ತ ಲೆಕ್ಕದ ಟೀಚರ್, ಮಂಡಿನೋವು, ಸಕ್ಕರೆ ಕಾಯಿಲೆ. ಕಳೆದ ತಿಂಗಳಿನಿಂದ ಅಭ್ಯಾಸಕ್ಕೆ ಬರುತ್ತಿದ್ದ ಅಣ್ಣಮ್ಮನೊಂದಿಗೆ ಅವರಿಗೆ ಸಲಿಗೆ ಬೆಳೆದಿತ್ತು. ಪರೀಕ್ಷಕರಾಗಿ ಹೊರಗಿನಿಂದ ಬಂದ ರವಿಕಿರಣ್ ಗೋಡೆಗೊರಗಿ ನಿಂತು ನೋಡತೊಡಗಿದರು.

ಅಣ್ಣಮ್ಮ ಗಾಲಿಕುರ್ಚಿಯ ಬ್ರೇಕು ಹಾಕಿದಳು. ಸರಸ್ವತಿಯವರನ್ನು ಎತ್ತಲು ಹೋಗಲಿಲ್ಲ. ಅವರೇ ಏಳುವ ತನಕ ಕೈ ಚಾಚಿ ಕಾದಳು. ಬಿಪಿ ನೋಡಿದಳು. ಕಾಲಿನ ಬೆರಳ ಸಂದಿಗಳಲ್ಲಿ ಗಾಯವಿದೆಯೇ ಎಂದು ಪರೀಕ್ಷಿಸಿದಳು. ರವಿಕಿರಣ್ ತಲೆಯಾಡಿಸಿದರು. ಅಣ್ಣಮ್ಮನ ಎದೆ ಕುಣಿಯಿತು.

"ಕೊನೇದು. ಇವರು ಒಂದಿನ ತಿಂತಾರೆ, ಒಂದಿನ ಬಿಡ್ತಾರೆ. ಅದಕ್ಕೇ ಊಟ ಹೊಟ್ಟೆಗೆ ಹೋದ್ಮೇಲೇ ಇನ್ಸುಲಿನ್ ಅಂತ ಡಾಕ್ಟ್ರು ಹೇಳಿದ್ದಾರೆ. ನೋಡ್ಕೊಂಡು ಸಿಸ್ಟರ್‌ಗೆ ತಿಳಿಸಿ" ಎಂದರು ರವಿಕಿರಣ್.

ಖಾಲಿ ಹೊಟ್ಟೆಗೆ ಆ ಸೂಜಿ ಬಿದ್ದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದೆಂದು ಅಣ್ಣಮ್ಮ ಓದಿದ್ದಳು. ಬಿಪಿ ಯಂತ್ರವನ್ನು ಒಳಗಿಟ್ಟು, ವರದಿ ಬರೆದು ಬರುವಷ್ಟರಲ್ಲಿ ಊಟದ ಹಾಲ್‌ನಲ್ಲಿ ಆಗಲೇ ತಟ್ಟೆಗಳನ್ನು ಎತ್ತುತ್ತಿದ್ದರು. ಸರಸ್ವತಿ ಕಿಟಕಿಯ ಪಕ್ಕ ಕೂತಿದ್ದರು.

"ಅಮ್ಮ, ಊಟ ಆಯ್ತಾ?"

"ಆಯ್ತು ಕಣಮ್ಮ. ನಿಂದು?"

"ನಂದೂ ಆಯ್ತಮ್ಮ."

ಅಣ್ಣಮ್ಮ ನರ್ಸಿಗೆ ತಿಳಿಸಿ, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ಪರೀಕ್ಷೆ ಮುಗಿಯಿತು, ಎಲ್ಲ ಮುಗಿಯಿತು! ಸೋಪಿನ ನೊರೆ ಹಚ್ಚಿಕೊಳ್ಳುವಾಗಲೇ ಹೊಟ್ಟೆ ಗುರ್ ಎಂದಿತು. ಬೆಳಿಗ್ಗೆಯಿಂದ ಬರೀ ಕಾಫಿ.

ಹಾಗಿದ್ದರೆ ಈಗಷ್ಟೇ 'ನಂದೂ ಆಯ್ತು' ಎಂದೆನಲ್ಲ?

ಸಮಾಜಶಾಸ್ತ್ರದ ಪದ್ಮಶ್ರೀ ಮೇಡಂ ಒಮ್ಮೆ ತರಗತಿಯನ್ನೆಲ್ಲ ನಗಿಸಿದ್ದು ಥಟ್ಟನೆ ನೆನಪಾಯಿತು. ನಮ್ಮಲ್ಲಿ ಊಟ ಆಯ್ತಾ ಅನ್ನೋದು ನಮಸ್ಕಾರ ಇದ್ದ ಹಾಗೆ. ಆಗಿಲ್ಲ ಅಂದ್ರೆ ಕೇಳಿದವರಿಗೆ ಬಡಿಸೋ ಕೆಲಸ. ಅದಕ್ಕೇ ಎಲ್ಲರೂ ಆಯ್ತು ಅಂತಾರೆ.

ಅಣ್ಣಮ್ಮ ನೊರೆಗೈಯಲ್ಲೇ ಓಡಿದಳು.

"ಸಿಸ್ಟರ್, ನಿಲ್ಸಿ! ಚುಚ್ಚಬೇಡಿ!"

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನರ್ಸಿನ ಕೈ ಅರ್ಧದಲ್ಲೇ ನಿಂತಿತು. ಸರಸ್ವತಿಯವರ ತೋಳಿಗೆ ಸ್ಪಿರಿಟ್ಟು ಒರೆಸಿ ಆಗಿತ್ತು.

"ಈಗ ತಾನೇ ಊಟ ಆಗಿದೆ ಅಂದ್ರಲ್ಲ ಮೇಡಂ?" ರವಿಕಿರಣ್ ಹತ್ತಿರ ಬಂದರು.

ಏನಾದರೊಂದು ನೆಪ ಹೇಳಬಹುದಿತ್ತು. ಅಣ್ಣಮ್ಮನಿಗೆ ಹೇಳಲು ಮನಸ್ಸಾಗಲಿಲ್ಲ. "ತಪ್ಪಾಯ್ತು ಸಾರ್. ತಿಂದಿದ್ದನ್ನ ನಾನು ನೋಡಿಲ್ಲ. ಬಾಯಿಮಾತಿಗೆ ಕೇಳ್ದೆ, ಅವರು ಬಾಯಿಮಾತಿಗೆ ಹೇಳಿದ್ರು." ಆಮೇಲೆ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಅಮ್ಮ, ಇವತ್ತು ಏನ್ ಪಲ್ಯ ಮಾಡಿದ್ರು?"

ಸರಸ್ವತಿ ಕಿಟಕಿಯ ಕಡೆ ನೋಡಿದರು. ಸೆರಗಿನ ತುದಿ ತಿರುವಿದರು.

"ಬೀನ್ಸು... ಅಲ್ಲ, ಏನೋ. ಗೊತ್ತಿಲ್ಲ ಕಣೆ. ಹಸಿವಿರಲಿಲ್ಲ, ತಟ್ಟೆ ವಾಪಸ್ ಕಳಿಸ್ದೆ. ನಿಂಗೆ ಪರೀಕ್ಷೆ ಅಲ್ವಾ? ಆಗಿಲ್ಲ ಅಂದ್ರೆ ಎಲ್ಲಿ ಮಾರ್ಕ್ಸ್ ಕಟ್ ಮಾಡ್ತಾರೋ ಅಂತ..."

ನರ್ಸು ಸೂಜಿಯನ್ನು ಟ್ರೇಯಲ್ಲಿ ವಾಪಸ್ಸಿಟ್ಟಳು. ಆಮೇಲೆ ರವಿಕಿರಣ್ ನಕ್ಕುಬಿಟ್ಟರು. "ಇದೇನ್ ಟೀಚರ್! ನೀವೇ ಕಾಪಿ ಹೊಡೆಸಿದ ಹಾಗಾಯ್ತಲ್ಲ!"

"ಮೂವತ್ತೈದು ವರ್ಷ ಸರ್ವಿಸಲ್ಲಿ ಒಬ್ಬರಿಗೂ ಕಾಪಿ ಹೊಡೆಯೋಕೆ ಬಿಟ್ಟವಳಲ್ಲಪ್ಪ ನಾನು" ಎಂದರು ಸರಸ್ವತಿ, ಗಂಭೀರವಾಗಿ. "ಈ ಹುಡುಗಿ ಬೆವೆತಿದ್ದು ನೋಡಿ ಕರುಳು ಚುರ್ ಅಂತು."

ನಲವತ್ತೊಂಬತ್ತರ ಹುಡುಗಿ ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ, ಕಣ್ಣು ಉರಿದು, ಮತ್ತಷ್ಟು ನೀರು ಸುರಿಸಿದಳು.

"ಸಾರ್, ಹಾಗಾದ್ರೆ ನಾನು ಫೇಲಾ?"

"ಕೊನೇ ಪ್ರಶ್ನೆಗೆ ಮಾರ್ಕ್ಸ್ ಇಲ್ಲ. ಅದರಲ್ಲಿ ಎರಡು ಮಾತಿಲ್ಲ." ರವಿಕಿರಣ್ ಪೆನ್ನು ಜೇಬಿಗಿಟ್ಟರು. "ಮಿಕ್ಕಿದ್ದರಲ್ಲಿ ಪಾಸು. ಚೆನ್ನಾಗೇ ಪಾಸು. ಸೂಜಿ ಬಿದ್ದ ಮೇಲೆ ನೆನಪಾಗಿದ್ರೆ ನಾನು ಬೇರೆ ಮಾತಾಡ್ತಿದ್ದೆ. ಇನ್ಮೇಲೆ ತಟ್ಟೆ ನೋಡಿ ಮೇಡಂ, ಬಾಯಿ ಕೇಳಬೇಡಿ."

ಬಾಗಿಲಲ್ಲಿ ನಿಂತಿದ್ದ ಪ್ರಿಯಾಂಕಾ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ನರ್ಸು ಅವಳನ್ನು ಗದರಿದಳು, ಆದರೆ ನಗುತ್ತಲೇ. ಮೂಲೆಯಲ್ಲಿ ಕೂತಿದ್ದ ಅಜ್ಜನೊಬ್ಬರು ಏನಾಯಿತೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.

ಅಣ್ಣಮ್ಮ ಅಡುಗೆಮನೆಗೆ ಹೋಗಿ ಬಿಸಿ ಅನ್ನ, ತಿಳಿಸಾರು ತಂದಳು. ಹಸಿವಿಲ್ಲ ಎಂದವರು ಅವಳ ಮುಖ ನೋಡಿಕೊಂಡೇ ತುತ್ತು ತುತ್ತಾಗಿ ಅಷ್ಟನ್ನೂ ಉಂಡರು. ಆಮೇಲೆ ಸೂಜಿ. ಅಣ್ಣಮ್ಮ ಹೊರಗೆ, ಗಾಲಿಕುರ್ಚಿಯ ಇಳಿಜಾರಿನ ಪಕ್ಕದ ಕಟ್ಟೆಯ ಮೇಲೆ ಬಂದು ಕೂತಳು. ಮನೆಗೆ ಫೋನು ಮಾಡಿ 'ಪಾಸು' ಎಂದಳು.

ಹಿಂದಿನಿಂದ ಗಾಲಿಯ ಸದ್ದು ಕೇಳಿಸಿತು. ಸರಸ್ವತಿ ತಾವೇ ಕುರ್ಚಿಯನ್ನು ತಳ್ಳಿಕೊಂಡು ಬಂದಿದ್ದರು. ತೊಡೆಯ ಮೇಲೆ ತಟ್ಟೆ, ತಟ್ಟೆಯ ತುಂಬ ಅನ್ನ, ಸಾರು, ಬೀನ್ಸ್ ಪಲ್ಯ, ಅಂಚಿಗೊಂದು ಹಪ್ಪಳ. ಅವರು ಏನನ್ನೂ ಕೇಳಲಿಲ್ಲ. ಎರಡೂ ಕೈಯಲ್ಲಿ ತಟ್ಟೆಯನ್ನು ಎತ್ತಿ ಅಣ್ಣಮ್ಮನ ಮಡಿಲಲ್ಲಿಟ್ಟು, ಬೀದಿಯ ಕಡೆ ಮುಖ ತಿರುಗಿಸಿ ಕೂತರು.