ಹನ್ನೆರಡು ಮೆಟ್ಟಿಲಿನ ಹಾಳೆ

"ಹಿಮ್ಮಡಿ ಒಳಗೆ ಹೋಗ್ತಿಲ್ಲ ಕಣೆ. ನೀನು ಹಿಂದಿನಿಂದ ತಳ್ಳು," ಎಂದಳು ಪೆನಾ.

ರಾಲಿತ್ಸಾ ಶವಪೆಟ್ಟಿಗೆಯ ತುದಿಯಲ್ಲಿ ಮಂಡಿಯೂರಿ ಕಪ್ಪು ಶೂವನ್ನು ತಳ್ಳಿದಳು. ಅದು ಅರ್ಧ ಪಾದಕ್ಕೇ ಮುಷ್ಕರ ಹೂಡಿತು. ಹೊಸ ಶೂ, ಮೂವತ್ತೇಳನೇ ನಂಬರು. ಮೇ ತಿಂಗಳಲ್ಲಿ ತಮ್ಮ ಕೊನೆಯ ತರಗತಿಯನ್ನು ಬೀಳ್ಕೊಟ್ಟು ತಾವೂ ನಿವೃತ್ತಿಯಾಗುವ ದಿನ ಹಾಕಿಕೊಳ್ಳಲೆಂದು ದೊಬ್ರಿನ್ಕಾ ಟೀಚರ್ ಅಕ್ಟೋಬರಿನಲ್ಲೇ ಕೊಂಡಿಟ್ಟಿದ್ದರು. ಯಾವುದನ್ನೂ ಕೊನೆಗಳಿಗೆಗೆ ಬಿಡುವ ಹೆಂಗಸಲ್ಲ ಆಕೆ. ಸಾವೊಂದು ಮಾತ್ರ ಹೇಳದೆ ಕೇಳದೆ ಮಾರ್ಚಿ ಮೊದಲ ವಾರದಲ್ಲಿ ಬಂದುಬಿಟ್ಟಿತು.

"ಇಷ್ಟು ಊದಿದ್ರೆ ಎಲ್ಲಿ ಹೋಗುತ್ತೆ," ಎಂದು ಪೆನಾ ಕೈಚೆಲ್ಲಿದಳು. ಟೀಚರಿಗೆ ಉಳಿದಿದ್ದ ಒಬ್ಬಳೇ ತಂಗಿ ಅವಳು. "ನೀನು ಡಾಕ್ಟರು, ನಿಂಗೆ ಉಪಾಯ ಗೊತ್ತಿರುತ್ತೆ ಅಂತ ಕರೆದೆ."

"ಆಗಲ್ಲ ಚಿಕ್ಕಮ್ಮ. ಬಿಟ್ಬಿಡಿ."

"ಸರಿ, ಕಾಲ ಹತ್ರ ಇಡೋಣ. ಆ ಲೋಕದಲ್ಲಿ ಊತ ಇಳಿದ ಮೇಲೆ ಹಾಕ್ಕೋತಾಳೆ." ಪೆನಾ ಶೂಗಳನ್ನು ಬಿಳಿ ಕಾಲುಚೀಲದ ಪಾದಗಳ ಪಕ್ಕ ಜೋಡಿಸಿಟ್ಟಳು. ಆಮೇಲೆ ಏಪ್ರನ್ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದು ಅಕ್ಕನ ಕೈಗಳ ಕೆಳಗೆ ಸಿಕ್ಕಿಸಿದಳು. "ನೋಡು, ನಿನ್ನದೇ. ಇಪ್ಪತ್ತು ವರ್ಷ ಕನ್ನಡಿ ಪಕ್ಕ ಅಂಟಿಸಿಕೊಂಡಿದ್ಲು. ಜೊತೇಲೇ ಹೋಗಲಿ."

ರಾಲಿತ್ಸಾಗೆ ಬಿಡಿಸಿ ನೋಡಬೇಕಾಗಿರಲಿಲ್ಲ. ಹನ್ನೆರಡು ಚೌಕ, ಕೊನೆಯದೊಂದು ಬಿಟ್ಟು ಎಲ್ಲಕ್ಕೂ ಕೆಂಪು ಬಣ್ಣ. ಮೇಲೆ ಅವಳದೇ ಹದಿನಾರರ ಅಕ್ಷರ: 'ಗುರಿ: ಡಾಕ್ಟರಾಗುವುದು.'

ಡಾಕ್ಟರಂತೆ! ಸ್ಟುಟ್‌ಗಾರ್ಟ್‌ನ ಒಂದು ವೃದ್ಧಾಶ್ರಮದಲ್ಲಿ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ, ಹಾಸಿಗೆ ಬದಲಿಸುವ ಕೆಲಸ ರಾಲಿತ್ಸಾಳದು. ಈ ಊರಿನಲ್ಲಿ ಅದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಇನ್ನು ಎರಡು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಆ ಸುಳ್ಳು ಟೀಚರ ಕೈಯಲ್ಲೇ ಮಣ್ಣಿಗೆ ಹೋಗುತ್ತದೆ. ಬರುವಾಗ ಬಸ್ಸಿನಲ್ಲಿ ಅವಳು ಹಾಗೆಂದೇ ತೀರ್ಮಾನಿಸಿದ್ದಳು.

*

ಶುಕ್ರವಾರದ ಕೊನೆಯ ಗಂಟೆ ದೊಬ್ರಿನ್ಕಾ ಟೀಚರ ಕ್ಲಾಸಿನಲ್ಲಿ ಗಣಿತವಿರುತ್ತಿರಲಿಲ್ಲ. ಅಂದು ಮೆಟ್ಟಿಲಿನ ಹಾಳೆಗಳು ಹೊರಗೆ ಬರುತ್ತಿದ್ದವು. ಪ್ರತಿಯೊಬ್ಬರೂ ಒಂದು ಗುರಿ ಬರೆಯಬೇಕು, ಅದನ್ನು ಹನ್ನೆರಡು ಮೆಟ್ಟಿಲಾಗಿ ಒಡೆಯಬೇಕು, ಮೆಟ್ಟಿಲು ಹತ್ತಿದರೆ ಚೌಕಕ್ಕೆ ಕೆಂಪು ತುಂಬಬೇಕು.

"ದೊಡ್ಡ ಮನುಷ್ಯ ಆಗ್ತೀನಿ ಅಂತ ಬರೆದಿದೀಯಲ್ಲೋ ಕಾಮೆನ್, ಎಷ್ಟು ಮೀಟರು ದೊಡ್ಡವನು? ಅಳೆಯೋಕಾಗದ್ದು ಗುರಿ ಅಲ್ಲ ಮಗನೆ, ಬರೀ ಆಸೆ. ಬರೋ ಶುಕ್ರವಾರದೊಳಗೆ ಏನು ಮಾಡ್ತೀಯ, ಅದನ್ನ ಹೇಳು."

ಮೆಟ್ಟಿಲು ತಪ್ಪಿದವರನ್ನು ಆಕೆ ಬೈದದ್ದೇ ಇಲ್ಲ. "ಖಾಲಿ ಚೌಕಕ್ಕೆ ನಾಚ್ಕೋಬೇಡಿ. ನಂದೂ ಎಷ್ಟೋ ಖಾಲಿ ಇವೆ," ಎನ್ನುತ್ತಿದ್ದರು. ಆದರೆ ಮಾಡದ್ದಕ್ಕೆ ಬಣ್ಣ ತುಂಬಿದವರಿಗೆ ಒಂದು ನಿಯಮವಿತ್ತು. ಅವರು ಎಲ್ಲರ ಮುಂದೆ ಬಂದು ನಿಂತು ತಮ್ಮ ಕೈಯಿಂದಲೇ ಆ ಚೌಕಕ್ಕೆ ಅಡ್ಡಗೆರೆ ಎಳೆಯಬೇಕು. ಅಷ್ಟೇ. ಒಮ್ಮೆ ಕಾಮೆನ್ ಹಾಗೆ ನಿಂತು ಗೆರೆ ಎಳೆಯುವಾಗ ಅವನ ಕಿವಿ ಎರಡೂ ಕೆಂಪಾಗಿದ್ದವು. ಮುಂದಿನ ಬೆಂಚಿನಲ್ಲಿ ಕೂತು ಕಿಸಕ್ಕೆಂದು ನಕ್ಕವಳು ರಾಲಿತ್ಸಾ.

ಅವಳ ಮೊದಲ ಮೂರು ಮೆಟ್ಟಿಲು ನಿಜವಾದವೇ. ಜೀವಶಾಸ್ತ್ರದಲ್ಲಿ ಆರಕ್ಕೆ ಆರು, ರಸಾಯನಶಾಸ್ತ್ರದಲ್ಲಿ ಆರಕ್ಕೆ ಆರು, ಶಾಲೆಯ ಕೊನೆಯ ಪರೀಕ್ಷೆ. ನಾಲ್ಕನೆಯದು ವೈದ್ಯಕೀಯ ಕಾಲೇಜಿನ ಪ್ರವೇಶ. ಅಲ್ಲಿ ಎರಡು ವರ್ಷ ಎರಡು ಸಲ ಜಾರಿದಳು. ಹನ್ನೆರಡನೆಯದನ್ನು ಅವಳು ಮೊದಲೇ ಬರೆದಿಟ್ಟಿದ್ದಳು: 'ನಮ್ಮೂರಿನ ಒಬ್ಬರಿಗೆ ಚಿಕಿತ್ಸೆ.'

*

ಅಡುಗೆಮನೆಯಲ್ಲಿ, ಸತ್ತವರ ಹೆಸರಿನಲ್ಲಿ ಹಂಚಲು, ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟ ಬೆರೆಸಿ ಲೋಟಗಳಿಗೆ ತುಂಬುತ್ತಿದ್ದರು. ಕೈಗೆ ತೆಗೆದುಕೊಂಡವರೆಲ್ಲ "ದೇವರು ಕ್ಷಮಿಸಲಿ" ಎನ್ನುತ್ತ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಡಾಕ್ಟರಮ್ಮಾ, ಬಾರಮ್ಮ, ಕೂತ್ಕೊ," ಎಂದು ವ್ಯಾಯಾಮದ ಮೇಷ್ಟ್ರು ಗೆಂಚೊ ಕುರ್ಚಿ ಎಳೆದರು. "ನಂಗೂ ಒಂದು ಹಾಳೆ ಮಾಡಿಕೊಟ್ಟಿದ್ಲು ಮಾರಾಯ್ತಿ, ಸಿಗರೇಟು ಬಿಡೋಕೆ. ಹನ್ನೆರಡು ವರ್ಷದಿಂದ ಎರಡನೇ ಮೆಟ್ಟಿಲಲ್ಲಿ ಕೂತು ಸೇದ್ತಿದೀನಿ. 'ಆ ರಾಲಿತ್ಸಾನ ನೋಡಿ ಕಲೀರಿ ಗೆಂಚೊ' ಅಂತ ದಿನಾ ಪ್ರಾಣ ತಿನ್ನೋಳು. ಇನ್ನು ಯಾರು ತಿಂತಾರೆ ಹೇಳು." ಅವರು ಎದ್ದು ಜೇಬು ತಡವಿದರು. ಸಿಗರೇಟು ಹುಡುಕಿಕೊಂಡು ಹೊರಗೆ ಹೋದರು.

ಮಾರ್ಚಿ ಬಂತೆಂದರೆ ಊರವರೆಲ್ಲ ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರ ಮಣಿಕಟ್ಟಿಗಿದ್ದ ಹುಡುಗಿಯೊಬ್ಬಳು ಹತ್ತಿರ ಬಂದಳು. ಈ ಸಲದ ಕೊನೆಯ ತರಗತಿಯವಳು, ಹೆಸರು ಬಿಲ್ಯಾನಾ. "ಮೇಡಂ, ನಾನೂ ಡಾಕ್ಟರು ಅಂತಲೇ ಬರ್ದಿದೀನಿ. ನಿಮ್ಮ ಹಾಳೆ ನೋಡಿ. ನಾಲ್ಕನೇ ಮೆಟ್ಟಿಲು ತುಂಬಾ ಕಷ್ಟ ಅಂತಾರಲ್ಲ, ನೀವು ಹೇಗೆ ಹತ್ತಿದ್ರಿ?"

"ಆಮೇಲೆ ಹೇಳ್ತೀನಿ," ಎಂದಳು ರಾಲಿತ್ಸಾ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನೀರಿಗೆಂದು ಲೋಟ ತೆಗೆಯಲು ಕಪಾಟಿನ ಬಾಗಿಲು ತೆರೆದಳು.

ಬಾಗಿಲಿನ ಒಳಬದಿಯಲ್ಲಿ ಒಂದು ಹಾಳೆ ಅಂಟಿಸಿತ್ತು. 'ಗುರಿ: ಕಾಲಿನ ಊತ ಇಳಿಸುವುದು. ಡಾ. ರಾಲಿತ್ಸಾ ಹೇಳಿದಂತೆ.' ಕೆಳಗೆ ಮೂರು ಸಾಲು: ಉಪ್ಪು ಇಲ್ಲ. ದಿಂಬಿನ ಮೇಲೆ ಕಾಲು. ಬೆಳಿಗ್ಗೆ ಕಣಕಾಲಿನ ಅಳತೆ. ಪ್ರತಿ ದಿನಕ್ಕೂ ಪುಟ್ಟ ಕೆಂಪು ಗುರುತು, ಒಂದು ದಿನವೂ ತಪ್ಪಿಲ್ಲ. ಪಕ್ಕದಲ್ಲಿ ಟೀಚರ ದುಂಡು ಅಂಕಿಗಳು. ಜನವರಿಯಲ್ಲಿ ಇಪ್ಪತ್ನಾಲ್ಕು ಸೆಂಟಿಮೀಟರು. ಫೆಬ್ರವರಿ ಮೊದಲಿಗೆ ಇಪ್ಪತ್ತಾರೂವರೆ. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಕೊನೆಯದು ಮೂವತ್ತೊಂದು; ಆ ಅಂಕಿ ಮಾತ್ರ ಸ್ವಲ್ಪ ಸೊಟ್ಟಗಾಗಿತ್ತು. ಅಳೆಯುವ ಟೇಪು ಮೊಳೆಗೆ ನೇತುಹಾಕಿತ್ತು.

"ಜಿಲ್ಲಾ ಆಸ್ಪತ್ರೆಗೆ ಹೋಗೋಣ ಬಾರೇ ಅಂತ ಮೂರು ಸಲ ಅಂದೆ," ಪೆನಾ ಹಿಂದಿನಿಂದ ಹೇಳುತ್ತಿದ್ದಳು. "'ಅಳತೆ ಇಡ್ತಿದೀನಿ, ನನ್ನ ಡಾಕ್ಟರು ಬರೆದಿದಾಳೆ, ಅವಳಿಗಿಂತ ಇವರಿಗೆ ಗೊತ್ತಾ' ಅಂದ್ಲು. ನೀನು ಹೇಳಿದ್ದು ಒಂದೂ ತಪ್ಪಿಸಿಲ್ಲ ನೋಡು. ನಿಂಗೆ ಬೇಜಾರಾಗಬಾರದು ಅಂತ ಹೇಳ್ತಿದೀನಿ."

*

ಜರ್ಮನಿಗೆ ಹೋದ ಮೊದಲ ವರ್ಷ ಟೀಚರಿಂದ ಕಾರ್ಡು ಬಂತು. ಫೋನಿನ ಮಾತು ಗಾಳಿಗೆ, ಬರೆದದ್ದು ಉಳಿಯುತ್ತದೆ ಎನ್ನುವ ಪೈಕಿ ಆಕೆ. ಕಾರ್ಡಿನಲ್ಲಿ ಒಂದೇ ಸಾಲು: 'ಎಷ್ಟನೇ ಮೆಟ್ಟಿಲು?' ಒಬ್ಬ ಮುದುಕನ ಮೈ ಒರೆಸಿ ಬಂದು, ಒದ್ದೆ ಕೈಯಲ್ಲಿ ಅದನ್ನು ಓದಿದ ರಾಲಿತ್ಸಾ 'ನಾಲ್ಕು. ಇಲ್ಲಿ ಸೀಟು ಸಿಕ್ಕಿತು' ಎಂದು ಬರೆದುಬಿಟ್ಟಳು. ಒಂದು ವರ್ಷದ ಮಟ್ಟಿಗೆ ಅಂದುಕೊಂಡಿದ್ದಳು. 'ನಿನ್ನ ಪರವಾಗಿ ನಾನೇ ಬಣ್ಣ ತುಂಬಿದೆ. ಕ್ಲಾಸಿಗೆಲ್ಲ ತೋರಿಸಿದೆ' ಎಂದು ಉತ್ತರ ಬಂತು. ಆಮೇಲೆ ಇಳಿಯುವುದೆಂತು? ವರ್ಷಕ್ಕೊಂದು ಕಾರ್ಡು, ಹನ್ನೊಂದರವರೆಗೆ ವರ್ಷಕ್ಕೊಂದು ಮೆಟ್ಟಿಲು. ಅಮ್ಮ ತೀರಿಕೊಂಡ ಮೇಲಂತೂ ಊರಿಗೆ ಹೋಗುವ ಕಾರಣವೂ, ಸಿಕ್ಕಿಬೀಳುವ ಭಯವೂ ಇಲ್ಲವಾಯಿತು.

ಕಳೆದ ಡಿಸೆಂಬರಿನ ಕಾರ್ಡು ಮಾತ್ರ ಬೇರೆ ಥರ ಇತ್ತು. 'ಕಾಲು ಊದುತ್ತಿದೆ. ಮಲಗಿದರೆ ಉಸಿರು ಕಟ್ಟುತ್ತದೆ. ನನ್ನ ಡಾಕ್ಟರು ಏನು ಹೇಳುತ್ತಾರೆ?'

ವೃದ್ಧಾಶ್ರಮದಲ್ಲಿ ಇಂಥ ಕಾಲುಗಳನ್ನು ಅವಳು ನೂರು ಕಂಡಿದ್ದಳು; ಅವು ಯಾವುದರ ಗುರುತೆಂದು ಗೊತ್ತಿತ್ತು. ಮೊದಲ ಸಾಲಿನಲ್ಲೇ ಬರೆದಳು: 'ನಾಳೆಯೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಹೃದಯ ತೋರಿಸಿ.' ಬರೆದು ಪೆನ್ನು ಕಚ್ಚಿಕೊಂಡು ಕೂತಳು. ಟೀಚರ್ ಅಲ್ಲಿ ಹೋಗಿ ಎದೆಯುಬ್ಬಿಸಿ, ನನ್ನ ಡಾಕ್ಟರೆಂದು ರಾಲಿತ್ಸಾಳ ಹೆಸರು ಹೇಳುತ್ತಾರೆ. ಆಸ್ಪತ್ರೆಯವರು ಯಾವ ಡಾಕ್ಟರು, ನಂಬರು ಕೊಡಿ, ಮಾತಾಡೋಣ ಎನ್ನುತ್ತಾರೆ. ರಾಲಿತ್ಸಾ ಆ ಹಾಳೆಯನ್ನು ಹರಿದು ಹಾಕಿದಳು. ಹೊಸ ಹಾಳೆಯಲ್ಲಿ ಉಪ್ಪು, ದಿಂಬು, ಅಳತೆ ಮಾತ್ರ ಇದ್ದವು.

*

ಸ್ಮಶಾನದಲ್ಲಿ ಹಿಮ ಕರಗಿ ಕೆಸರಾಗಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ನಲವತ್ತು ಐವತ್ತು ಜನ, ಅರ್ಧಕ್ಕರ್ಧ ಹಳೆಯ ವಿದ್ಯಾರ್ಥಿಗಳೇ. ಬೋಳು ತಲೆಯ ಕಾಮೆನ್ ಮಗಳ ಕೈ ಹಿಡಿದು ನಿಂತಿದ್ದ. ಪಕ್ಕದಲ್ಲಿದ್ದ ಮುಚ್ಚಳ ಎತ್ತಿ ಪೆಟ್ಟಿಗೆ ಮುಚ್ಚಲು ಇಬ್ಬರು ಬಾಗಿದಾಗ ಪೆನಾ ತಡೆದಳು.

"ಸ್ವಲ್ಪ ಇರ್ರಪ್ಪ. ರಾಲಿತ್ಸಾ ಎರಡು ಮಾತು ಹೇಳಲಿ. ಅವಳೇ ತಾನೆ ನಮ್ಮಕ್ಕ ಸಂಪಾದಿಸಿದ್ದು."

ರಾಲಿತ್ಸಾ ಮುಂದೆ ಬಂದಳು. ಬಗ್ಗಿ ತಣ್ಣಗಿದ್ದ ಆ ಬೆರಳುಗಳ ಕೆಳಗಿನಿಂದ ಹಾಳೆಯನ್ನು ಎಳೆದುಕೊಂಡಳು. ಖಾಲಿ ಇರಬೇಕಿದ್ದ ಹನ್ನೆರಡನೇ ಚೌಕಕ್ಕೂ ಹೊಸ ಕೆಂಪು ಬಿದ್ದಿತ್ತು. ಪಕ್ಕದಲ್ಲಿ ಜನವರಿಯ ತಾರೀಕು, ಟೀಚರ ಅಕ್ಷರದಲ್ಲಿ ಒಂದು ಪದ: 'ನನಗೇ!'

ಅವಳು ಹಿಂದಕ್ಕೆ ತಿರುಗಿದಳು.

"ಬಿಲ್ಯಾನಾ, ಪೆನ್ ಇದೆಯಾ?"

ಹುಡುಗಿ ಕೊಟ್ಟಳು. ಮಂಡಿಯ ಮೇಲೆ ಹಾಳೆಯಿಟ್ಟು ರಾಲಿತ್ಸಾ ಹನ್ನೆರಡಕ್ಕೆ ಅಡ್ಡಗೆರೆ ಎಳೆದಳು. ಹನ್ನೊಂದಕ್ಕೆ. ಹತ್ತಕ್ಕೆ. ಕಾಮೆನ್‌ಗೆ ಮೊದಲು ಅರ್ಥವಾಯಿತು. ಅವನು ತಲೆ ತಗ್ಗಿಸಿದ. ನಾಲ್ಕಕ್ಕೆ ಬಂದು ನಿಲ್ಲಿಸಿದಾಗ ಉಳಿದದ್ದು ಮೂರೇ ಮೂರು.

"ನಾನು ಡಾಕ್ಟರಲ್ಲ. ಯಾವತ್ತೂ ಆಗಿರಲಿಲ್ಲ. ಅಲ್ಲಿ ವಯಸ್ಸಾದವರ ಮೈ ತೊಳೀತೀನಿ. ಟೀಚರಿಗೆ ಇಷ್ಟು ವರ್ಷ ಸುಳ್ಳು ಬರೆದೆ."

"ಏನಂತಿದೀಯ ನೀನು?" ಗೆಂಚೊ ಎರಡು ಹೆಜ್ಜೆ ಮುಂದೆ ಬಂದರು. "ಥೂ ನಿನ್ನ! ಹೆಣದ ಮುಂದೆ ನಿಂತು..."

"ಸುಮ್ನಿರಿ ಗೆಂಚೊ," ಎಂದಳು ಪೆನಾ. ಅವಳ ದನಿ ಬಹಳ ಮೆತ್ತಗಿತ್ತು. "ಆ ಊತ ಏನು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಚಿಕ್ಕಮ್ಮ."

"ಆಸ್ಪತ್ರೆಗೆ ಹೋಗು ಅಂತ ಬರೀಲಿಲ್ವಾ?"

"ಬರೆದಿದ್ದೆ. ಹರಿದು ಹಾಕಿದೆ."

"ಯಾಕೆ?"

"ಅಲ್ಲಿ ಡಾಕ್ಟರು ಯಾರು ಅಂತ ಕೇಳ್ತಾರೆ ಅಂತ."

ಬಿಲ್ಯಾನಾ ಅಳತೊಡಗಿದಳು. ರಾಲಿತ್ಸಾ ಹಾಳೆಯನ್ನು ಮೊದಲಿದ್ದಂತೆಯೇ ಮಡಿಸಿ ಟೀಚರ ಕೈಗಳ ಕೆಳಗೆ ವಾಪಸ್ಸು ಇಟ್ಟಳು.

ಪೆನಾ ಹೊಡೆಯುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ರಾಲಿತ್ಸಾಳೂ ಅದಕ್ಕೇ ಕಾದು ನಿಂತಿದ್ದಳು. ಪೆನಾ ಹೊಡೆಯಲಿಲ್ಲ. ಪೆಟ್ಟಿಗೆಯ ತುದಿಗೆ ಹೋಗಿ, ಬಗ್ಗಿ, ಊದಿದ ಪಾದಗಳ ಪಕ್ಕದಿಂದ ಆ ಶೂಗಳನ್ನು ತೆಗೆದುಕೊಂಡು ಬಂದು ರಾಲಿತ್ಸಾಳ ಕೈಯಲ್ಲಿಟ್ಟಳು.

"ಹಿಡ್ಕೊ. ಆ ಊತ ಅಲ್ಲೂ ಇಳಿಯಲ್ಲ, ಅವಳಿಗೆ ಹಾಕ್ಕೊಳ್ಳೋಕಾಗಲ್ಲ."

ಮುಚ್ಚಳ ಬಿತ್ತು. ಮಣ್ಣು ಬಿತ್ತು. ಜನ ಒಬ್ಬೊಬ್ಬರಾಗಿ ಗೇಟಿನ ಕಡೆಗೆ, ಬಿಸಿ ಹುರುಳಿಕಾಯಿ ಸಾರಿನ ಕಡೆಗೆ ನಡೆದರು. ಊಟಕ್ಕೆ ಬಾ ಎಂದು ಅವಳನ್ನು ಯಾರೂ ಕರೆಯಲಿಲ್ಲ. ರಾಲಿತ್ಸಾ ಕಣಕಾಲು ಮುಳುಗುವ ಕೆಸರಿನಲ್ಲಿ, ಶೂಗಳನ್ನು ಕೆಸರು ತಾಗದಂತೆ ಎದೆಯ ಎತ್ತರಕ್ಕೆ ಹಿಡಿದು ನಿಂತೇ ಇದ್ದಳು. ಒಂದರ ಅಡಿಯಲ್ಲಿ ಮೂವತ್ತೇಳು ಎಂಬ ಚೀಟಿ ಇನ್ನೂ ಅಂಟಿಕೊಂಡಿತ್ತು. ಅಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.